ಬೇಸೋಫಿಲ್ ಟೆಸ್ಟ್: ಎರಡೂ ಪಾಸಿಟಿವ್ ಕಂಟ್ರೋಲ್ ಏಳುತ್ತಿಲ್ಲ (ಪರಿಹಾರ ಸಿಕ್ಕಿದೆ)

ಪಣಂಬೂರು_ಪಿಪೆಟ್ (ಮಂಗಳೂರು)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ದಯವಿಟ್ಟು ಕೈ ಹಿಡಿಯಿರಿ.

ಇಸುಬು ಇರುವ ಮಕ್ಕಳ ರಕ್ತದಲ್ಲಿ ಬೇಸೋಫಿಲ್ ಆಕ್ಟಿವೇಶನ್ ಟೆಸ್ಟ್ ಮಾಡುತ್ತಿದ್ದೇನೆ. ಬೇಸೋಫಿಲ್ ಅಂದರೆ ಅಲರ್ಜಿಯಲ್ಲಿ ಕೆರಳಿ, ತುರಿಕೆ ತರುವ ಹಿಸ್ಟಮಿನ್ ಬಿಡುವ ಬಿಳಿ ರಕ್ತಕಣ. ನಮ್ಮ ಕರಾವಳಿಯ ಹಾಸಿಗೆ-ದಿಂಬುಗಳಲ್ಲಿ ಮಳೆಗಾಲದ ತೇವಕ್ಕೆ ಡಸ್ಟ್ ಮೈಟ್ (ಧೂಳಿನಲ್ಲಿರುವ ಕಣ್ಣಿಗೆ ಕಾಣದ ಹುಳ) ಹೇಗೆ ಬೆಳೆಯುತ್ತದೆ ಅಂತ ನಿಮಗೆಲ್ಲ ಗೊತ್ತಲ್ವಾ? ಆ ಮೈಟಿನ ಸಾರ ಹಾಕಿದಾಗ ಈ ಮಕ್ಕಳ ಬೇಸೋಫಿಲ್ ಕೆರಳುತ್ತದೆಯೇ ಅಂತ ನೋಡಬೇಕು.

ಮಾಡುವುದು ಹೀಗೆ: 100 ಮೈಕ್ರೋಲೀಟರ್ ರಕ್ತ, ಅಷ್ಟೇ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪಿನ ದ್ರಾವಣ), ಅದರಲ್ಲಿ ಸ್ಟಿಮ್ಯುಲಸ್ (ಕೆರಳಿಸುವ ವಸ್ತು). 37 ಡಿಗ್ರಿ ವಾಟರ್ ಬಾತ್‌ನಲ್ಲಿ 20 ನಿಮಿಷ. ಆಮೇಲೆ ಇಡಿಟಿಎ ಹಾಕಿ ಐಸ್ ಮೇಲೆ ಇಟ್ಟು ನಿಲ್ಲಿಸುತ್ತೇನೆ. ಬೇಸೋಫಿಲ್ ಗುರುತಿಸಲು ಸಿಸಿಆರ್3, ಅದು ಕೆರಳಿದೆಯೇ ನೋಡಲು ಸಿಡಿ63 ಸ್ಟೇನ್ ಮಾಡಿ, ಕೆಂಪು ಕಣ ಒಡೆದು, ಕಣಗಳನ್ನು ಒಂದೊಂದಾಗಿ ನೋಡುವ ಫ್ಲೋ ಸೈಟೋಮೀಟರ್‌ಗೆ.

ಬೇಸೋಫಿಲ್ ಚೆನ್ನಾಗಿ ಕಾಣುತ್ತಿದೆ, ಪ್ರತಿ ಟ್ಯೂಬಲ್ಲೂ 500ಕ್ಕಿಂತ ಜಾಸ್ತಿ. ಆದರೆ ಸಿಡಿ63 ಏಳುವುದೇ ಇಲ್ಲ. ಸಿಡಿ63 ಕಂಡ ಬೇಸೋಫಿಲ್ ಇಷ್ಟು: ಏನೂ ಹಾಕದ ಟ್ಯೂಬ್ ಶೇ. 3; ಖಂಡಿತ ಕೆರಳಿಸಲೇಬೇಕಾದ ಎರಡು ಪಾಸಿಟಿವ್ ಕಂಟ್ರೋಲ್, ಆಂಟಿ-ಐಜಿಇ ಶೇ. 3, ಎಫ್‌ಎಮ್‌ಎಲ್‌ಪಿ ಶೇ. 4. ಐದು ಮಕ್ಕಳದ್ದೂ ಇದೇ ಕಥೆ. ಆಂಟಿಬಾಡಿ ಹೊಸದು ತರಿಸಿದೆ, ಏನೂ ಬದಲಾಗಲಿಲ್ಲ.

ಚಿಕ್ಕ ಮಕ್ಕಳಿಗೆ ಸೂಜಿ ಚುಚ್ಚಿ ತೆಗೆದ ರಕ್ತ ಇದು. ಪ್ರತಿ ಸಲ ವ್ಯರ್ಥವಾದಾಗ ತುಂಬಾ ಬೇಸರವಾಗುತ್ತದೆ.

ಗೇಟಿಂಗ್_ಗೆಳತಿ (ಮಣಿಪಾಲ)

ರಕ್ತ ತೆಗೆದು ಎಷ್ಟು ಹೊತ್ತಿಗೆ ಶುರು ಮಾಡುತ್ತೀರಿ? 24 ಗಂಟೆ ದಾಟಿದರೆ ನಂಬಬೇಡಿ, ಬೇಗ ಆದಷ್ಟು ಒಳ್ಳೆಯದು. ಮಕ್ಕಳು ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಅಂತಲೂ ಕೇಳಿ. ತುರಿಕೆಗೆ ಕೊಡುವ ಸೆಟಿರಿಜಿನ್ ತರದ್ದು ಪರವಾಗಿಲ್ಲ. ಅದು ಹಿಸ್ಟಮಿನ್ ಹೊರಗೆ ಬಂದ ಮೇಲೆ ಅದರ ರಿಸೆಪ್ಟರನ್ನು ತಡೆಯುತ್ತದೆ, ಅಷ್ಟೇ. ಚರ್ಮಕ್ಕೆ ಚುಚ್ಚಿ ನೋಡುವ ಟೆಸ್ಟಿಗೆ ಅದನ್ನು ಕೆಲವು ದಿನ ನಿಲ್ಲಿಸಬೇಕು, ಇದಕ್ಕೆ ಬೇಡ. ರಾತ್ರಿಯಿಡೀ ಕೆರೆದುಕೊಳ್ಳುವ ಮಗುವಿನ ತಾಯಿಗೆ ಅದೇ ದೊಡ್ಡ ಸಮಾಧಾನ.

ಪಣಂಬೂರು_ಪಿಪೆಟ್

ಉಡುಪಿಯಿಂದ ಬೆಳಿಗ್ಗೆ ಬಸ್ಸಿನಲ್ಲಿ ತರುತ್ತೇನೆ ಮೇಡಂ. ಪಡುಬಿದ್ರಿ ಹತ್ತಿರ ಟ್ರಾಫಿಕ್ ಸಿಕ್ಕಿದರೂ ಮೂರು ಗಂಟೆಯೊಳಗೆ ಕೆಲಸ ಶುರು. ಸ್ಟಿರಾಯ್ಡ್ ಮುಲಾಮು ಹಚ್ಚುತ್ತಾರೆ, ಮಾತ್ರೆ ಯಾರಿಗೂ ಇಲ್ಲ. ನಿನ್ನೆ ನನ್ನದೇ ರಕ್ತದಲ್ಲಿ ಮಾಡಿ ನೋಡಿದೆ. ಅದೂ ಶೇ. 3.

ಕಾಪು_ದೀಪಸ್ತಂಭ

ನಿಮ್ಮದೇ ರಕ್ತದಲ್ಲಿ ನೋಡಿದ್ದು ಒಳ್ಳೆಯದಾಯಿತು. ಇದು ಮಕ್ಕಳ ಕಾಯಿಲೆಗೆ ಸಂಬಂಧಿಸಿದ್ದಲ್ಲ ಅಂತ ಅಲ್ಲಿಗೆ ಖಾತ್ರಿ.

ಆಂಟಿ-ಐಜಿಇ ಬೇಸೋಫಿಲ್ ಮೇಲೆ ಕೂತಿರುವ ಐಜಿಇಯನ್ನು (ಅಲರ್ಜಿಯ ಆಂಟಿಬಾಡಿ) ಹಿಡಿದು ಒಂದಕ್ಕೊಂದು ಗಂಟು ಹಾಕುತ್ತದೆ. ಎಫ್‌ಎಮ್‌ಎಲ್‌ಪಿಗೆ ಐಜಿಇ ಬೇಕಾಗಿಲ್ಲ, ಅದು ಬರುವ ಬಾಗಿಲೇ ಬೇರೆ. ಒಂದು ಮಾತ್ರ ಕೈಕೊಟ್ಟಿದ್ದರೆ ಆ ಬಾಗಿಲ ಕಡೆ ಹುಡುಕಬಹುದಿತ್ತು. ಎರಡೂ ನಿಂತಿವೆ ಅಂದರೆ ಎರಡಕ್ಕೂ ಬೇಕಾದ ಏನೋ ಒಂದು ಇಲ್ಲ. ಅದು ಕ್ಯಾಲ್ಸಿಯಂ. ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗದೆ ಹಿಸ್ಟಮಿನ್ ತುಂಬಿದ ಚೀಲಗಳು ಅಂಚಿಗೆ ಬಂದು ಬಿಚ್ಚಿಕೊಳ್ಳುವುದಿಲ್ಲ. ಚೀಲ ಬಿಚ್ಚದೆ ಸಿಡಿ63 ಹೊರಗೆ ಕಾಣುವುದಿಲ್ಲ, ಅದು ಇರುವುದೇ ಆ ಚೀಲದ ಗೋಡೆಯಲ್ಲಿ.

ಒಂದೇ ಪ್ರಶ್ನೆ. ರಕ್ತದ ಟ್ಯೂಬಿನ ಮುಚ್ಚಳ ಯಾವ ಬಣ್ಣ?

ಪಣಂಬೂರು_ಪಿಪೆಟ್

ನೇರಳೆ, ಸರ್. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಇರುವುದು. ಆದರೆ ನಾನು ಓದಿದ ಲೇಖನದಲ್ಲೂ ಇಡಿಟಿಎ ರಕ್ತವನ್ನೇ ಬಳಸಿದ್ದಾರಲ್ಲ?

ಕಾಪು_ದೀಪಸ್ತಂಭ

ಅವರು ಕಂಪನಿಯ ಕಿಟ್ ಬಳಸಿದ್ದಾರಾ ನೋಡಿ. ಇಡಿಟಿಎ ರಕ್ತಕ್ಕೆಂದೇ ಮಾಡಿದ ಕಿಟ್‌ಗಳಿವೆ. ಅವುಗಳ ಬಫರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಮತ್ತು ಬೇಸೋಫಿಲ್ ಚುರುಕಾಗಿಸುವ ಐಎಲ್-3. ನೀವು ಟ್ಯೂಬನ್ನು ಮಾತ್ರ ಅವರಂತೆ ಇಟ್ಟುಕೊಂಡು ಬಫರನ್ನು ಪಿಬಿಎಸ್ ಮಾಡಿದ್ದೀರಿ.

ಲೆಕ್ಕ ಹಾಕಿ. ನೇರಳೆ ಟ್ಯೂಬಿನಲ್ಲಿ ಒಂದು ಎಂಎಲ್ ರಕ್ತಕ್ಕೆ ಸುಮಾರು 1.8 ಮಿಲಿಗ್ರಾಂ ಇಡಿಟಿಎ. ಅಂದರೆ ನಾಲ್ಕೂವರೆ ಮಿಲಿಮೋಲಾರ್ ಹತ್ತಿರ. ರಕ್ತದಲ್ಲಿರುವ ಒಟ್ಟು ಕ್ಯಾಲ್ಸಿಯಮ್ಮೇ ಎರಡೂವರೆ. ಎಲ್ಲವನ್ನೂ ಕಟ್ಟಿಹಾಕಿ ಇನ್ನೂ ಇಡಿಟಿಎ ಮಿಗುತ್ತದೆ. 20 ನಿಮಿಷ ಆದ ಮೇಲೆ ಪ್ರತಿಕ್ರಿಯೆ ನಿಲ್ಲಿಸಲು ನೀವು ಹಾಕುವುದೂ ಅದೇ ಇಡಿಟಿಎ ಅಲ್ವಾ? ಕೊನೆಗೆ ಒತ್ತುವ ಬ್ರೇಕನ್ನು ರಕ್ತ ತೆಗೆಯುವಾಗಲೇ ಒತ್ತಿಬಿಟ್ಟಿದ್ದೀರಿ.

ಸುಲಭದ ದಾರಿ: ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿಗೆ ಬದಲಾಯಿಸಿ, ಬಫರಿಗೆ 2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಈಗಿರುವ ನೇರಳೆ ಟ್ಯೂಬಿಗೆ ಸುಮ್ನೆ ಕ್ಯಾಲ್ಸಿಯಂ ಸುರಿಯಬೇಡಿ, ಹೆಪಾರಿನ್ ಇಲ್ಲದೆ ರಕ್ತ ಹೆಪ್ಪುಗಟ್ಟುತ್ತದೆ.

ಪಣಂಬೂರು_ಪಿಪೆಟ್

ಹೌದು ಸರ್, ಕಿಟ್ಟೇ. ವಿಧಾನದ ಭಾಗದಲ್ಲಿ ಒಂದೇ ಸಾಲಿನಲ್ಲಿದೆ, ನಾನು ದಾಟಿಕೊಂಡು ಹೋಗಿದ್ದೆ.

ಇವತ್ತು ಹಸಿರು ಟ್ಯೂಬ್ ಸಿಕ್ಕಿತು. ಆದರೆ ಪಿಬಿಎಸ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ ಕೂಡಲೇ ಗಂಜಿ ತಿಳಿಯಂತೆ ಬೆಳ್ಳಗಾಯಿತು. ಸೋಸಿ ಬಳಸಲೇ?

ಗೇಟಿಂಗ್_ಗೆಳತಿ

ಬೇಡ ಮಾರಾಯ್ರೆ! ಕ್ಯಾಲ್ಸಿಯಂ ಪಿಬಿಎಸ್‌ನ ಫಾಸ್ಫೇಟ್ ಜೊತೆ ಸೇರಿ ಬಿಳಿ ಪುಡಿಯಾಗಿದೆ. ಸೋಸಿದರೆ ನೀವು ಹಾಕಿದ ಕ್ಯಾಲ್ಸಿಯಮ್ಮೇ ಫಿಲ್ಟರಿನಲ್ಲಿ ಉಳಿಯುತ್ತದೆ. ಫಾಸ್ಫೇಟ್ ಇಲ್ಲದ ಹೆಪಿಸ್ ಬಫರ್ ಮಾಡಿ, ಪಿಎಚ್ 7.4. ಅದಕ್ಕೆ ಕ್ಯಾಲ್ಸಿಯಂ ಹಾಕಿ. ಐಎಲ್-3 ಇದ್ದರೆ ಸ್ವಲ್ಪ ಸೇರಿಸಿ, ಬೇಸೋಫಿಲ್ ಇನ್ನಷ್ಟು ಚುರುಕಾಗುತ್ತದೆ. ಆದರೆ ಏನೂ ಹಾಕದ ಕಂಟ್ರೋಲ್ ಟ್ಯೂಬಿಗೂ ಅಷ್ಟೇ ಹಾಕಬೇಕು.

ಪಣಂಬೂರು_ಪಿಪೆಟ್

ಎದ್ದಿತು! ನನ್ನದೇ ರಕ್ತ: ಏನೂ ಹಾಕದ್ದು ಶೇ. 2, ಆಂಟಿ-ಐಜಿಇ ಶೇ. 61, ಎಫ್‌ಎಮ್‌ಎಲ್‌ಪಿ ಶೇ. 44. ಪರದೆಯ ಮೇಲೆ ಚುಕ್ಕೆಗಳು ಬಲಕ್ಕೆ ಸರಿದದ್ದು ನೋಡಿ ಕಣ್ಣು ತುಂಬಿತು.

ಈ ವಾರ ಮೂರು ಮಕ್ಕಳದ್ದು ಮಾಡಿದೆ. ಇಬ್ಬರಲ್ಲಿ ಮೈಟಿಗೆ ಜೋರಾಗಿ ಏರಿದೆ. ಮೂರನೆಯ ಹುಡುಗನದ್ದು ಎಫ್‌ಎಮ್‌ಎಲ್‌ಪಿ ಶೇ. 40, ಆದರೆ ಆಂಟಿ-ಐಜಿಇ ಶೇ. 3, ಮೈಟ್ ಶೇ. 2. ಇವನಿಗೆ ಮೈಟ್ ಅಲರ್ಜಿ ಇಲ್ಲ ಅಂತ ಬರೆಯಬಹುದೇ?

ಕಾಪು_ದೀಪಸ್ತಂಭ

ಬರೆಯಲೇಬೇಡಿ. ಈ ಸಲ ಒಂದು ಬಾಗಿಲು ಮಾತ್ರ ಮುಚ್ಚಿದೆ. ನೂರರಲ್ಲಿ ಸುಮಾರು ಐದರಿಂದ ಹತ್ತು ಜನರ ಬೇಸೋಫಿಲ್ ಐಜಿಇ ದಾರಿಯಲ್ಲಿ ಉತ್ತರ ಕೊಡುವುದೇ ಇಲ್ಲ. ಇಂಥವರ ಬೇಸೋಫಿಲ್‌ನಲ್ಲಿ ಸಿಕ್ ಎಂಬ ಪ್ರೋಟೀನ್ ತೀರಾ ಕಡಿಮೆ ಇರುವುದನ್ನು ಕಂಡಿದ್ದಾರೆ. ಇವನದ್ದನ್ನು "ನೆಗೆಟಿವ್" ಅನ್ನದೆ "ಹೇಳಲಾಗದು" ಅಂತ ಬರೆಯಿರಿ. ಮೈಟಿನ ವಿರುದ್ಧದ ಐಜಿಇಯನ್ನು ಸೀರಮ್ಮಿನಲ್ಲಿ ಅಳೆಸಿ.

ಏರಿದ ಇಬ್ಬರ ವಿಷಯದಲ್ಲೂ ಅವಸರ ಬೇಡ. ಮೈಟಿಗೆ ಬೇಸೋಫಿಲ್ ಕೆರಳಿದ ಮಾತ್ರಕ್ಕೆ ಇಸುಬಿಗೆ ಮೈಟೇ ಕಾರಣ ಅನ್ನಲಾಗದು. 2006ರಲ್ಲಿ ಚರ್ಮದ ಗೋಡೆಯನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನ ದೋಷಕ್ಕೂ ಇಸುಬಿಗೂ ಇರುವ ನಂಟು ಗೊತ್ತಾಯಿತು. ಚರ್ಮದ ಗೋಡೆ ಸಡಿಲವಾಗಿ, ಅಲ್ಲಿಂದ ಅಲರ್ಜಿ ಒಳಗೆ ಬರುವುದೂ ಉಂಟು. 2017ರಲ್ಲಿ ಅಮೆರಿಕದಲ್ಲಿ ಇಸುಬಿಗೆ ಒಪ್ಪಿಗೆ ಪಡೆದ ಡುಪಿಲುಮಾಬ್ ಎಂಬ ಔಷಧಿ ಐಜಿಇಯನ್ನು ನೇರವಾಗಿ ಮುಟ್ಟುವುದಿಲ್ಲ. ಅದು ಉರಿಯೂತದ ಸಂದೇಶ ಒಯ್ಯುವ ಐಎಲ್-4 ಮತ್ತು ಐಎಲ್-13ರ ದಾರಿ ಕಟ್ಟುತ್ತದೆ. ಹೆತ್ತವರಿಗೆ ಹೇಳುವಾಗ ಇದನ್ನು ಬಿಡಿಸಿ ಹೇಳಿ. ಇಲ್ಲದಿದ್ದರೆ ಅವರು ಮುಲಾಮು ಬಿಟ್ಟು ಬರೀ ಹಾಸಿಗೆ ಒಣಗಿಸುತ್ತಾ ಕೂರುತ್ತಾರೆ.

ಪಣಂಬೂರು_ಪಿಪೆಟ್

ಸರಿ ಸರ್. ಹುಡುಗನ ವರದಿಯಲ್ಲಿ "ಹೇಳಲಾಗದು" ಅಂತಲೇ ಬರೆದೆ. ಅವನ ತಾಯಿಗೆ ಫೋನ್ ಮಾಡಿ ಮುಲಾಮು ನಿಲ್ಲಿಸಬೇಡಿ ಅಂದೆ. ಸೀರಮ್ ಮೊದಲೇ ತೆಗೆದಿಟ್ಟದ್ದು ಫ್ರೀಜರಿನಲ್ಲಿದೆ, ಅವನನ್ನು ಮತ್ತೆ ಚುಚ್ಚಬೇಕಾಗಿಲ್ಲ. ಉಡುಪಿಯ ವಾರ್ಡಿನ ಸಿಸ್ಟರ್ ಕೈಗೆ ಒಂದು ಡಬ್ಬಿ ಹಸಿರು ಟ್ಯೂಬ್ ಕೊಟ್ಟು ಬಂದಿದ್ದೇನೆ.