ಸೀರೆ ವ್ಯಾಪಾರದಲ್ಲಿ ಚಾರ್ಜ್‌ಬ್ಯಾಕ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದಲ್ಲಿ ನಮ್ಮದು ಚಿಕ್ಕ ಸೀರೆ ಅಂಗಡಿ, ಆನ್‌ಲೈನ್‌ನಲ್ಲೂ ಮಾರುತ್ತೇವೆ. ಗ್ರಾಹಕರೊಬ್ಬರು ಕ್ರೆಡಿಟ್ ಕಾರ್ಡ್‌ನಲ್ಲಿ ರೇಷ್ಮೆ ಸೀರೆ ತರಿಸಿಕೊಂಡರು. ಆಮೇಲೆ ನಮಗೆ ಒಂದು ಮಾತೂ ಹೇಳದೆ, 'ಫೋಟೊದಲ್ಲಿ ತೋರಿಸಿದ ಸೀರೆ ಇದಲ್ಲ' ಅಂತ ತಮ್ಮ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಕೇಳಿದ್ದಾರೆ (ಇದೇ ಚಾರ್ಜ್‌ಬ್ಯಾಕ್). ಸೀರೆ ವಾಪಸ್ ಬಂದಿಲ್ಲ, ಹಣವನ್ನೂ ಪೇಮೆಂಟ್ ಗೇಟ್‌ವೇಯವರು (ನಮಗೆ ಆನ್‌ಲೈನ್ ಪಾವತಿ ತಲುಪಿಸುವ ಕಂಪನಿ) ತಡೆಹಿಡಿದಿದ್ದಾರೆ. ನೇಕಾರರಿಗೆ ನಾವು ದುಡ್ಡು ಕೊಟ್ಟಾಗಿದೆ, ತುಂಬಾ ಸಂಕಟವಾಗಿದೆ.

ಬಿಲ್, ಕೊರಿಯರ್ ರಸೀದಿ ಎಲ್ಲ ಅಪ್‌ಲೋಡ್ ಮಾಡಿದೆ. ಒಟಿಪಿ ಹಾಕಿಯೇ ಪಾವತಿ ಆಗಿದೆ ಅಂತಲೂ ಬರೆದೆ. ಆದರೆ ಒಟಿಪಿ 'ಕಾರ್ಡ್ ಬಳಸಿದ್ದು ನಾನಲ್ಲ' ಅನ್ನುವ ದೂರಿಗೆ ಮಾತ್ರ ಉತ್ತರ, ಮಾಲು ಬೇರೆ ಅನ್ನುವುದಕ್ಕಲ್ಲ. ಗ್ರಾಹಕರ ಬ್ಯಾಂಕ್ ಒಪ್ಪಲಿಲ್ಲ. ಈಗ ಪ್ರೀ-ಆರ್ಬಿಟ್ರೇಷನ್ ಹಂತ, ಅಂದರೆ ವೀಸಾ, ಮಾಸ್ಟರ್‌ಕಾರ್ಡ್ ಥರದ ಕಾರ್ಡ್ ನೆಟ್‌ವರ್ಕ್‌ನ ತೀರ್ಪಿಗೆ ಹೋಗುವ ಮುಂಚಿನ ಹಂತ. ಮುಂದೆ ಹೋಗಿ ಸೋತರೆ ಕಾರ್ಡ್ ನೆಟ್‌ವರ್ಕ್ ಶುಲ್ಕವೂ ನಮ್ಮ ತಲೆಗೆ ಬರಬಹುದು.

ಇಂಥ ಕೇಸ್ ಗೆದ್ದವರು ಇದ್ದೀರಾ? ಕಳಿಸಿದ್ದು ಅದೇ ಸೀರೆ ಅಂತ ತೋರಿಸಲು ವಾಟ್ಸ್‌ಆ್ಯಪ್ ಚಾಟ್, ಪ್ಯಾಕಿಂಗ್ ಫೋಟೊ ಸಾಕಾ, ಬೇರೆ ಏನು ಕೊಡಬೇಕು?