‘ಲ್ಯಾಂಡ್‌ಮ್ಯಾನ್’ ಸರಣಿಯ ತೈಲಬಾವಿ ಕೆಲಸ: ಎಷ್ಟು ಸರಿ, ಎಲ್ಲಿ ತಪ್ಪು?

ಪ್ರಶ್ನೆ: ಕಚ್ಚಾತೈಲ

ಎಲ್ಲರಿಗೂ ನಮಸ್ಕಾರ. 2024ರ ನವೆಂಬರ್‌ನಲ್ಲಿ ಪ್ಯಾರಾಮೌಂಟ್ ಪ್ಲಸ್‌ನಲ್ಲಿ ಶುರುವಾದ ‘ಲ್ಯಾಂಡ್‌ಮ್ಯಾನ್’ (ತೈಲ ಕಂಪನಿಗೆ ಜಮೀನಿನ ಗುತ್ತಿಗೆ ಕುದುರಿಸುವವನು) ಸರಣಿಯ ಕಥೆ, ನಟನೆಯ ಬಗ್ಗೆ ಎಲ್ಲ ಕಡೆ ಬೇಕಾದಷ್ಟು ಚರ್ಚೆ ನಡೆದಿದೆ. ನನಗೆ ಬೇಕಿರುವುದು ಕೆಲಸದ ವಿಚಾರ. ಪಶ್ಚಿಮ ಟೆಕ್ಸಸ್‌ನ ತೈಲ ಪ್ರದೇಶವಾದ ಪರ್ಮಿಯನ್ ಬೇಸಿನ್‌ನಲ್ಲಿ ಕೆಲಸ ನಿಜಕ್ಕೂ ಹೀಗೇ ನಡೆಯುತ್ತದಾ?

ಮುಖ್ಯವಾಗಿ ಮೂರು ವಿಷಯ. ಒಂದು, ‘ಮೇಲಿನ ನೆಲ ನಿಮ್ಮದು, ಕೆಳಗಿನ ಎಣ್ಣೆ ನಮ್ಮದು’ ಎಂಬ ಧಾಟಿಯಲ್ಲಿ ನಾಯಕ ಟಾಮಿ ನಾರಿಸ್ ಮಾತಾಡುತ್ತಾನೆ. ಕಾನೂನು ಅಷ್ಟು ಸರಳವೇ? ಎರಡು, ಮೊದಲ ಎಪಿಸೋಡಿನಲ್ಲಿ ಗ್ಯಾಸ್ ಸೋರುವ ಬಾವಿಯ ಬಳಿ ಕಿಡಿ ಹಾರಿ ಸ್ಫೋಟವಾಗುತ್ತದೆ. ಒಂದು ಕಿಡಿಗೆ ಅಷ್ಟು ಶಕ್ತಿ ಇದೆಯಾ, ಆ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡುವುದು ಹೇಗೆ? ಮೂರು, ವಿದ್ಯುತ್ ತಯಾರಿಸುವ ಗಾಳಿಯಂತ್ರ ಪರಿಸರಕ್ಕೆ ಒಳ್ಳೆಯದೇನಲ್ಲ ಎಂದು ಟಾಮಿ ಮಾಡುವ, ಎಲ್ಲರೂ ಹಂಚಿಕೊಳ್ಳುತ್ತಿರುವ ಆ ಭಾಷಣ. ಅದರಲ್ಲಿ ಎಷ್ಟು ನಿಜ?

ಉತ್ತರ: ಗುತ್ತಿಗೆಪತ್ರ

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಟೆಕ್ಸಸ್ ಮಟ್ಟಿಗೆ ಆ ಮಾತು ಬಹುಪಾಲು ಸರಿ. ಅಲ್ಲಿ ಜಮೀನು ಒಬ್ಬರದು, ಅದರಡಿಯ ಖನಿಜ ಇನ್ನೊಬ್ಬರದು ಆಗಿರುವುದು ತೀರಾ ಸಾಮಾನ್ಯ. ಎರಡರಲ್ಲಿ ಖನಿಜದ ಹಕ್ಕಿಗೇ ಮೇಲುಗೈ. ಖನಿಜದ ಗುತ್ತಿಗೆ ಹಿಡಿದವರು ಎಣ್ಣೆ ತೆಗೆಯಲು ಬೇಕಾಗುವಷ್ಟು ನೆಲವನ್ನು ರಸ್ತೆಗೆ, ಬಾವಿಯ ಅಂಗಳಕ್ಕೆ, ಟ್ಯಾಂಕಿಗೆ ಬಳಸಬಹುದು. ಜಮೀನಿನ ಮಾಲೀಕ ‘ಬೇಡ’ ಎಂದರೆ ನಡೆಯುವುದಿಲ್ಲ.

ಆದರೆ ಸರಣಿ ಬಿಟ್ಟಿರುವ ಒಂದು ಕಡಿವಾಣ ಇದೆ: 1971ರ ಗೆಟ್ಟಿ ಆಯಿಲ್ ವಿರುದ್ಧ ಜೋನ್ಸ್ ತೀರ್ಪು. ಜೋನ್ಸ್ ಎಂಬ ರೈತನ ಹೊಲದಲ್ಲಿ ತಾನೇ ತಿರುಗುವ ನೀರಾವರಿ ಯಂತ್ರವಿತ್ತು. ಅದು 7 ಅಡಿ ಎತ್ತರದವರೆಗಿನ ಅಡ್ಡಿಯನ್ನು ದಾಟಬಲ್ಲದು. ಕಂಪನಿ ಅಲ್ಲಿ ಕೂರಿಸಿದ ಪಂಪ್‌ಜ್ಯಾಕ್‌ಗಳು, ಅಂದರೆ ತಲೆದೂಗುತ್ತಾ ಎಣ್ಣೆ ಎತ್ತುವ ಪಂಪುಗಳು, 17 ಮತ್ತು 34 ಅಡಿ ಎತ್ತರದವು. ಜಮೀನು ಮೊದಲಿನಿಂದ ಒಂದು ರೀತಿಯಲ್ಲಿ ಬಳಕೆಯಲ್ಲಿದ್ದು, ಮಾಲೀಕನಿಗೆ ಬೇರೆ ದಾರಿಯಿಲ್ಲದೆ, ಕಂಪನಿಗೆ ಮಾತ್ರ ಅದೇ ಜಾಗದಲ್ಲಿ ರೂಢಿಯಲ್ಲಿರುವ ಇನ್ನೊಂದು ವಿಧಾನ ಇದ್ದರೆ, ಉದಾಹರಣೆಗೆ ಪಂಪನ್ನು ಗುಂಡಿಯೊಳಗೆ ಕೂರಿಸುವುದು, ಕಂಪನಿಯೇ ಹೊಂದಿಕೊಳ್ಳಬೇಕು ಎಂದು ಟೆಕ್ಸಸ್ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಟಾಮಿ ಮಾಡುವ ಕೆಲಸ. ಅವನು ಸಂಧಾನಕಾರ, ಬಾವಿಗಳ ಮೇಲ್ವಿಚಾರಕ, ಸುರಕ್ಷತಾ ಅಧಿಕಾರಿ, ಆಪತ್ಕಾಲದ ವಕ್ತಾರ ಎಲ್ಲವೂ ಆಗಿದ್ದಾನೆ. ನಿಜವಾದ ಲ್ಯಾಂಡ್‌ಮ್ಯಾನ್‌ನ ದಿನದ ಬಹುಪಾಲು ಕೌಂಟಿ (ಅಲ್ಲಿನ ಜಿಲ್ಲೆ) ಕ್ಲರ್ಕ್ ಕಚೇರಿಯ ದಾಖಲೆಗಳಲ್ಲಿ ಕಳೆಯುತ್ತದೆ. ಸರ್ಕಾರ ಮೊದಲು ಮಂಜೂರು ಮಾಡಿದ ಪತ್ರದಿಂದ ಇವತ್ತಿನವರೆಗೆ ಆ ಜಮೀನಿನ ಪ್ರತಿ ಕ್ರಯಪತ್ರ, ಉಯಿಲು, ಅಡಮಾನ, ಹಳೇ ಗುತ್ತಿಗೆಯನ್ನು ದಿನಾಂಕದ ಕ್ರಮದಲ್ಲಿ ಪಟ್ಟಿ ಮಾಡಬೇಕು. ಆ ಪಟ್ಟಿಗೆ ರನ್‌ಶೀಟ್ ಎನ್ನುತ್ತಾರೆ. ಅದನ್ನು ನೋಡಿ ವಕೀಲರು ಹಕ್ಕಿನ ಬಗ್ಗೆ ಅಭಿಪ್ರಾಯ ಕೊಡುತ್ತಾರೆ.

ಲೆಕ್ಕ ಹೀಗೆ: 640 ಎಕರೆಯ ಒಂದು ಸೆಕ್ಷನ್ನಿನಲ್ಲಿ ಒಬ್ಬಾಕೆಗೆ ಖನಿಜದ 1/16 ಪಾಲು ಇದೆ ಎಂದರೆ ಅವಳದು ನಿವ್ವಳ 40 ಎಕರೆ. ರಾಯಲ್ಟಿ (ತೆಗೆದ ಎಣ್ಣೆಯಲ್ಲಿ ಖನಿಜದ ಮಾಲೀಕರಿಗೆ ಸಿಗುವ ಪಾಲು) 1/4 ಎಂದು ಒಪ್ಪಂದವಾಗಿ, ಇಡೀ ಸೆಕ್ಷನ್ ಒಂದೇ ಬಾವಿಗೆ ಸೇರಿದ್ದರೆ ಅವಳ ಪಾಲು 1/64, ಅಂದರೆ 0.01562500. ಹಣ ಹಂಚುವ ಪತ್ರದಲ್ಲಿ ಹೀಗೆ ಎಂಟು ದಶಾಂಶದವರೆಗೆ ಬರೆಯುತ್ತಾರೆ. ಎಡವುವುದು ಹಳೇ ಪತ್ರಗಳಲ್ಲಿ. 1924ರ ಒಂದು ಪತ್ರದಲ್ಲಿ ‘ಎಂಟನೇ ಒಂದರ ಅರ್ಧ’ ಎಂದು ಬರೆದಿತ್ತು. ಗುಣಿಸಿದರೆ 1/16. ಆದರೆ ಆ ಕಾಲದಲ್ಲಿ ‘ಎಂಟನೇ ಒಂದು’ ಎಂದರೆ ಇಡೀ ಖನಿಜದ ಹಕ್ಕು ಎಂಬ ರೂಢಿ ಇದ್ದುದರಿಂದ, ಅದು ಪೂರ್ತಿ ಅರ್ಧ ಪಾಲು ಎಂದು 2023ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎಂಟು ಪಟ್ಟು ವ್ಯತ್ಯಾಸ! ಬಂದೂಕಿಲ್ಲದೆಯೂ ಇದೊಂದು ಎಪಿಸೋಡ್ ಆಗಬಹುದಿತ್ತು.

ಉತ್ತರ: ಬಾವಿತಲೆ

ಎರಡನೇ ಪ್ರಶ್ನೆ. ಕಿಡಿ ಧಾರಾಳವಾಗಿ ಸಾಕು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟು ಬೆರೆತಿದ್ದರೆ ಅದನ್ನು ಹೊತ್ತಿಸಲು ಸುಮಾರು 0.3 ಮಿಲಿಜೂಲ್ ಶಕ್ತಿ ಸಾಕು. ಬಟ್ಟೆಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತೂ ಅದನ್ನು ಮೀರುತ್ತದೆ.

ಇದನ್ನು ನೋಡಿದವರು ‘ಉಕ್ಕಿನದರ ಬದಲು, ಕಿಡಿ ಕಡಿಮೆ ಹಾರಿಸುವ ಹಿತ್ತಾಳೆ ಸುತ್ತಿಗೆ ಇದ್ದಿದ್ದರೆ ಬಚಾವಾಗುತ್ತಿದ್ದರು’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಿತ್ತಾಳೆ, ಕಂಚು, ಬೆರಿಲಿಯಂ ತಾಮ್ರದ ಉಪಕರಣಗಳು ಅಪಾಯ ಕಡಿಮೆ ಮಾಡುತ್ತವೆ, ಇಲ್ಲವಾಗಿಸುವುದಿಲ್ಲ. ಮೆದು ಲೋಹವಾದ್ದರಿಂದ ಬೇಗ ಸವೆಯುತ್ತವೆ, ಮೇಲ್ಮೈಯಲ್ಲಿ ಉಕ್ಕಿನ ಚೂರು ಕಚ್ಚಿಕೊಂಡರೆ ಅದೇ ಕಿಡಿ ಕೊಡುತ್ತದೆ. ಗ್ಯಾಸ್ ಸೋರುತ್ತಿರುವಾಗ ಒತ್ತಡದಲ್ಲಿರುವ ಜೋಡಣೆಗೆ ಕೈ ಹಾಕಿದ್ದೇ ಮೂಲ ತಪ್ಪು. ಕ್ರಮ ಹೀಗಿರಬೇಕು.

ಗಾಡಿಯನ್ನು ಗಾಳಿ ಬರುವ ಕಡೆ, ಬಾವಿಯಿಂದ ದೂರ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ ಎಂಬ ಧೈರ್ಯ ಬೇಡ. ಗಾಳಿಯ ಜೊತೆ ಗ್ಯಾಸನ್ನೂ ಎಳೆದುಕೊಂಡು, ಕೀ ತಿರುಗಿಸಿದರೂ ನಿಲ್ಲದೆ ಓಡುತ್ತದೆ. 2005ರ ಮಾರ್ಚ್‌ನಲ್ಲಿ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ 15 ಜನ ಸತ್ತ ಸ್ಫೋಟಕ್ಕೆ ಕಿಡಿ ಕೊಟ್ಟದ್ದು ನಿಂತಲ್ಲೇ ಚಾಲೂ ಇದ್ದ ಡೀಸೆಲ್ ಪಿಕಪ್ ಎಂದು ತನಿಖೆ ಗುರುತಿಸಿತು.

ಆಮೇಲೆ ಗ್ಯಾಸ್ ಮೀಟರ್ ಹಿಡಿದು ಗಾಳಿ ನಮ್ಮ ಬೆನ್ನಿಗೆ ಬೀಸುವಂತೆ ನಡೆದು ಹತ್ತಿರ ಹೋಗುವುದು. ಹೊತ್ತಿಕೊಳ್ಳುವ ಕನಿಷ್ಠ ಮಟ್ಟದ ಶೇ 10 ತಲುಪಿದರೆ ಮೀಟರ್ ಕೂಗುತ್ತದೆ. ಕೂಗಿದರೆ ಹಿಂದೆ ಸರಿಯಬೇಕು, ಚರ್ಚೆ ಬೇಡ. ಮೀಟರ್ ಸುಮ್ಮನಿದ್ದರೆ ಪಂಪ್‌ಜ್ಯಾಕ್ ನಿಲ್ಲಿಸಿ, ಬ್ರೇಕ್ ಹಾಕಿ, ವಿದ್ಯುತ್ ಸ್ವಿಚ್ಚಿಗೆ ಬೀಗ ಹಾಕಿ ಚೀಟಿ ಕಟ್ಟುವುದು. ನಂತರ ಟ್ಯೂಬಿಂಗ್ (ಎಣ್ಣೆ ಮೇಲೆ ಬರುವ ಒಳಪೈಪು) ಮತ್ತು ಕೇಸಿಂಗ್ (ಅದರ ಹೊರಗಿನ ಪೈಪು) ಎರಡರ ಒತ್ತಡವನ್ನೂ ಟ್ಯಾಂಕಿಗೋ ಗ್ಯಾಸ್ ಸುಡುವ ಫ್ಲೇರಿಗೋ ಇಳಿಸುವುದು.

ಅನುಭವಿಗಳೂ ಮೋಸ ಹೋಗುವುದು ಇಲ್ಲಿಯೇ. ಒತ್ತಡದ ಗೇಜು ಸೊನ್ನೆ ತೋರಿಸುತ್ತದೆ, ಆದರೆ ಗೇಜಿಗೆ ಹೋಗುವ ಸಣ್ಣ ರಂಧ್ರದಲ್ಲಿ ಪ್ಯಾರಾಫಿನ್ ಮೇಣ ಕಟ್ಟಿರುತ್ತದೆ. ಒಳಗೆ ಒತ್ತಡ ಹಾಗೇ ಇರುತ್ತದೆ. ಹಾಗಾಗಿ ಗೇಜನ್ನು ನಂಬುವ ಮೊದಲು ಪಕ್ಕದ, ಒತ್ತಡ ಹೊರಬಿಡುವ ಬ್ಲೀಡ್ ವಾಲ್ವ್ ತೆರೆದು ಗಾಳಿ ಸುಯ್ಯೆನ್ನುತ್ತದೋ ಇಲ್ಲವೋ ನೋಡಬೇಕು. ಏನೂ ಬರದಿದ್ದರೆ ಅದೂ ಕಟ್ಟಿದೆಯೇ ಎಂದು ಪರೀಕ್ಷಿಸಬೇಕು.

ಒತ್ತಡ ಇಳಿಯದ ಬಾವಿಗೆ ಉಪ್ಪುನೀರು ತುಂಬಿ ‘ಸಾಯಿಸುತ್ತಾರೆ’. ಲೆಕ್ಕ ಸುಲಭ: 0.052 × ಗ್ಯಾಲನ್ನಿಗೆ ಎಷ್ಟು ಪೌಂಡ್ ತೂಕ × ಅಡಿಯಲ್ಲಿ ಆಳ. 10 ಪೌಂಡಿನ ಉಪ್ಪುನೀರು 9,000 ಅಡಿಯಲ್ಲಿ 4,680 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತುತ್ತದೆ. ತಳದ ಒತ್ತಡ ಅದಕ್ಕಿಂತ ಕಡಿಮೆ ಇದ್ದರೆ ಬಾವಿ ಸುಮ್ಮನಾಗುತ್ತದೆ. ಆದರೆ ತೀರಾ ಕಡಿಮೆ ಇರುವ ಹಳೇ ಬಾವಿ ಆ ನೀರನ್ನು ಕುಡಿದುಬಿಡುತ್ತದೆ, ಮಟ್ಟ ಇಳಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಗ್ಯಾಸ್ ಮತ್ತೆ ಮೇಲೇಳುತ್ತದೆ. ಒಮ್ಮೆ ಸುಮ್ಮನಾಯಿತು ಎಂದು ಊಟಕ್ಕೆ ಹೋಗಿ ಬಂದು ಮತ್ತೆ ಪರೀಕ್ಷಿಸದೆ ಬಿಚ್ಚುವುದು ಅಪಾಯ.

ಫ್ಲಾಂಜ್ (ಬೋಲ್ಟು ಹಾಕಿ ಪೈಪು ಜೋಡಿಸುವ ಬಿಲ್ಲೆ) ಬಿಚ್ಚುವಾಗ ನಮ್ಮಿಂದ ದೂರದ ಕಡೆಯ ಬೋಲ್ಟನ್ನು ಮೊದಲು ಸಡಿಲಿಸುತ್ತಾರೆ; ಏನಾದರೂ ಉಳಿದಿದ್ದರೆ ಆಚೆ ಚಿಮ್ಮಲಿ ಎಂದು. ಸುತ್ತಿಗೆಯಿಂದ ಬಿಗಿಯುವ ಯೂನಿಯನ್‌ಗಳಲ್ಲಿ (ನಟ್ಟು ತಿರುಗಿಸಿ ಪೈಪು ಸೇರಿಸುವ ಜೋಡಣೆಗಳಲ್ಲಿ) ಇನ್ನೊಂದು ಅಪಾಯ: 2 ಇಂಚಿನ 602 ಮಾದರಿಯ ನಟ್ಟು 1502 ಮಾದರಿಯ ಥ್ರೆಡ್ಡಿಗೆ ಕೂತಂತೆ ಕಾಣುತ್ತದೆ. ಕೆಲವೇ ಥ್ರೆಡ್ ಹಿಡಿದಿರುತ್ತವೆ. ಒತ್ತಡ ಏರಿದಾಗ ಕಿತ್ತುಕೊಂಡು ಹಾರುತ್ತದೆ. ಬಣ್ಣ ನೋಡಿ ನಂಬದೆ, ಲೋಹದ ಮೇಲೆ ಒತ್ತಿದ ಸಂಖ್ಯೆ ಓದಲೇಬೇಕು.

ಉತ್ತರ: ಹುಳಿಗ್ಯಾಸ್

ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಪರ್ಮಿಯನ್‌ನಲ್ಲಿ ಮೀಥೇನ್ ಜೊತೆ ಹೈಡ್ರೋಜನ್ ಸಲ್ಫೈಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊಳೆತ ಮೊಟ್ಟೆಯ ವಾಸನೆ ಎಲ್ಲರಿಗೂ ಗೊತ್ತು. ಆದರೆ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ಹೊತ್ತಿಗೆ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ಹೋಯಿತು, ಗ್ಯಾಸೂ ಹೋಯಿತು ಎಂದುಕೊಳ್ಳುವ ಕ್ಷಣವೇ ಅತಿ ಅಪಾಯದ್ದು. 700 ದಾಟಿದರೆ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಬಹುದು. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ, ಬಾವಿಯ ಸುತ್ತಲಿನ ಗುಂಡಿಯಾದ ಸೆಲ್ಲಾರಿನಲ್ಲಿ ತುಂಬಿಕೊಳ್ಳುತ್ತದೆ.

2019ರ ಅಕ್ಟೋಬರ್ 26ರಂದು ಟೆಕ್ಸಸ್‌ನ ಒಡೆಸ್ಸಾ ಬಳಿ, ತೈಲದ ಪದರಕ್ಕೆ ನೀರು ತುಂಬುವ ಒಂದು ಘಟಕದಲ್ಲಿ ಕೆಲಸಗಾರನೂ, ಅವನನ್ನು ಹುಡುಕಿಕೊಂಡು ಬಂದ ಹೆಂಡತಿಯೂ ಇದರಿಂದ ತೀರಿಕೊಂಡರು. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿಯ ತನಿಖೆಯನ್ನು ಓದಿದರೆ ಮನಸ್ಸು ಕಲಕುತ್ತದೆ. ಪಂಪಿನ ವಿದ್ಯುತ್ತಿಗೆ ಬೀಗ ಹಾಕಿರಲಿಲ್ಲ, ಅದು ತಾನಾಗಿ ಚಾಲೂ ಆಯಿತು. ಅವನ ಗ್ಯಾಸ್ ಮೀಟರ್ ಗಾಡಿಯಲ್ಲೇ ಇತ್ತು. ಘಟಕದ ಎಚ್ಚರಿಕೆ ವ್ಯವಸ್ಥೆ ಕೆಲಸ ಮಾಡಲಿಲ್ಲ.

ಬಿದ್ದವರನ್ನು ಎತ್ತಲು ಓಡುವುದು ಮನುಷ್ಯ ಸಹಜ, ಟಿವಿಯಲ್ಲಿ ನಾಯಕರೆಲ್ಲ ಅದನ್ನೇ ಮಾಡುತ್ತಾರೆ. ಇಲ್ಲಿ ಅದೇ ಎರಡನೇ ಸಾವಿಗೆ ದಾರಿ. ಗಾಳಿಯ ದಿಕ್ಕಿಗೆ ಅಡ್ಡಲಾಗಿ ಸರಿದು, ಗಾಳಿ ಬರುವ ಕಡೆಗೆ ದೂರ ಹೋಗಿ, ಉಸಿರಾಟದ ಸಿಲಿಂಡರ್ ಹಾಕಿಕೊಂಡ ಮೇಲಷ್ಟೇ ಮರಳಬೇಕು. ಸಾದಾ ಧೂಳಿನ ಮಾಸ್ಕ್ ಏನೇನೂ ಪ್ರಯೋಜನವಿಲ್ಲ.

ಉತ್ತರ: ಟ್ರಕ್‌ದಾರಿ

ಗಾಳಿಯಂತ್ರದ ಭಾಷಣ: 20 ವರ್ಷದ ಆಯಸ್ಸಿನಲ್ಲಿ ಅದು ತನ್ನನ್ನು ತಯಾರಿಸಲು ಹೊರಬಿದ್ದ ಇಂಗಾಲವನ್ನೂ ತೀರಿಸುವುದಿಲ್ಲ ಎಂಬ ಮಾತು ತಪ್ಪು. ಉಕ್ಕು, ಕಾಂಕ್ರೀಟು, ಸಾಗಾಟ ಎಲ್ಲ ಸೇರಿಸಿ ಮಾಡಿದ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲೇ ಅದು ತೀರುತ್ತದೆ. ಪಾತ್ರ ಹಾಗೆ ನಂಬುವುದು ಸಹಜ, ಪ್ರೇಕ್ಷಕರು ಅದನ್ನು ಅಂಕಿಅಂಶವೆಂದು ಹಂಚುವುದು ಸರಿಯಲ್ಲ. ತೈಲ ಕ್ಷೇತ್ರಕ್ಕೇ ಆ ವಿದ್ಯುತ್ ಬೇಕಾಗಿದೆ ಎಂಬ ಸರಣಿಯ ಮಾತು ಮಾತ್ರ ಸರಿ. ಪಂಪು, ಕಂಪ್ರೆಸರ್‌ಗಳು ವಿದ್ಯುತ್ತಿಗೆ ಬದಲಾಗುತ್ತಿವೆ, ಗಾಳಿಯಿಂದ ವಿದ್ಯುತ್ ತಯಾರಿಸುವುದರಲ್ಲಿ ಟೆಕ್ಸಸ್ ಅಮೆರಿಕದಲ್ಲೇ ಮೊದಲು.

ಯಾರೂ ಕೇಳದಿದ್ದರೂ ಹೇಳುತ್ತೇನೆ: ಸರಣಿ ತುಂಬ ಸರಿಯಾಗಿ ಹಿಡಿದಿರುವುದು ರಸ್ತೆಯನ್ನು. ಅಮೆರಿಕದ ತೈಲ ಕಾರ್ಮಿಕರ ಸಾವಿಗೆ ಮೊದಲ ಕಾರಣ ವಾಹನ ಅಪಘಾತ, ಸ್ಫೋಟವಲ್ಲ. ಪೆಕೋಸ್‌ನಿಂದ ನ್ಯೂ ಮೆಕ್ಸಿಕೋ ಕಡೆ ಹೋಗುವ ಹೆದ್ದಾರಿ 285ಕ್ಕೆ ಸಾವಿನ ಹೆದ್ದಾರಿ ಎಂದೇ ಹೆಸರು. ಮರಳು, ನೀರು ಹೊತ್ತ ಟ್ರಕ್ಕುಗಳ ಸಾಲು ಮುಗಿಯುವುದೇ ಇಲ್ಲ. ಬೇರೆ ಟ್ರಕ್ ಚಾಲಕರಿಗೆ ವಾರದ ಗಂಟೆಗಳ ಲೆಕ್ಕ ಹೊಸದಾಗಿ ಶುರುವಾಗಲು 34 ಗಂಟೆ ಬಿಡುವು ಬೇಕು, ತೈಲ ಕ್ಷೇತ್ರದವರಿಗೆ 24 ಸಾಕು. ಬಾವಿ ಸೇವೆಯ ವಿಶೇಷ ವಾಹನದ ಚಾಲಕರು ಬಾವಿಯ ಬಳಿ ಕಾಯುವ ಹೊತ್ತು ಡ್ಯೂಟಿಗೆ ಸೇರುವುದಿಲ್ಲ. ಸ್ಟೀರಿಂಗ್ ಹಿಂದೆ ಎಚ್ಚರವಾಗಿ ಕೂತು ಕಾದ ಹೊತ್ತನ್ನು ವಿಶ್ರಾಂತಿಯಂತೆ ಎಣಿಸುವುದು ನನ್ನ ಪ್ರಕಾರ ಅನ್ಯಾಯ.

ಕಚ್ಚಾತೈಲ

ಎಲ್ಲರಿಗೂ ಧನ್ಯವಾದ. ‘ಬಾವಿತಲೆ’ಯವರೇ, ಇನ್ನೊಂದೇ ಸಂದೇಹ: ಪಂಪ್‌ಜ್ಯಾಕಿಗೆ ಬ್ರೇಕ್ ಹಾಕಿ, ಸ್ವಿಚ್ಚಿಗೆ ಬೀಗ ಹಾಕಿದ ಮೇಲೆ ಅದರಡಿ ಕೆಲಸ ಮಾಡಬಹುದಲ್ಲವೇ?

ಬಾವಿತಲೆ

ಇಲ್ಲ, ಅಷ್ಟಕ್ಕೇ ಬೇಡ. ವಿದ್ಯುತ್ ಹೋದರೂ ಮೇಲೆ ನಿಂತ ಎದುರುತೂಕದ ಭಾರ ಹೋಗಿರುವುದಿಲ್ಲ. ಒಂದೊಂದು ತೂಕವೂ ಟನ್ನಿನ ಲೆಕ್ಕದ್ದು. ಅದರ ಎದುರಿಗೆ ಬಾವಿಯೊಳಗಿನ ರಾಡುಗಳ ಸಾಲು ತೂಗುತ್ತಿರುತ್ತದೆ. ರಾಡುಗಳನ್ನು ಕ್ಲ್ಯಾಂಪಿನಲ್ಲಿ ಕೂರಿಸಿ ಕುದುರೆತಲೆಯಿಂದ (ತೂಗುವ ತೊಲೆಯ ಮುಂತುದಿಯಿಂದ) ಬಿಡಿಸಿದ ಕೂಡಲೇ ಸಮತೋಲ ತಪ್ಪುತ್ತದೆ, ಕ್ರ್ಯಾಂಕ್ (ಎದುರುತೂಕ ಕೂರಿಸಿದ, ತಿರುಗುವ ತೋಳು) ತಿರುಗಲು ನೋಡುತ್ತದೆ. ಸವೆದ ಬ್ರೇಕ್ ಅಥವಾ ಎಣ್ಣೆ ಸಿಡಿದ ಬ್ರೇಕ್ ಅದನ್ನು ತಡೆಯುವುದಿಲ್ಲ.

ಆದ್ದರಿಂದ ಸಾಧ್ಯವಿದ್ದಷ್ಟೂ ತೂಕ ತನ್ನಷ್ಟಕ್ಕೆ ತೂಗಿ ನಿಲ್ಲುವ, ಅಂದರೆ ಕೆಳಗಿನ ಸ್ಥಾನಕ್ಕೆ ತಂದು ನಿಲ್ಲಿಸಬೇಕು. ತಯಾರಕರು ಕೊಟ್ಟ ಪಿನ್ನು ಅಥವಾ ಕೊಕ್ಕೆಯನ್ನು ಬ್ರೇಕ್ ಡ್ರಮ್ಮಿನ ಹಲ್ಲಿಗೆ ಸಿಕ್ಕಿಸಬೇಕು. ಕ್ರ್ಯಾಂಕನ್ನು ಚೈನಿನಿಂದ ಚೌಕಟ್ಟಿಗೆ ಕಟ್ಟಬೇಕು. ಚೈನಿನಲ್ಲಿ ಸಡಿಲ ಇರಬಾರದು. ಒಂದು ಅಡಿ ಸಡಿಲ ಇದ್ದರೂ ತೂಕ ವೇಗ ಪಡೆದು ಚೈನನ್ನೇ ಕಡಿಯುತ್ತದೆ. ಇಷ್ಟಾದ ಮೇಲೂ ತೂಕ ತಿರುಗುವ ವೃತ್ತದೊಳಗೆ ಯಾರೂ ನಿಲ್ಲಬಾರದು.