ಅಪ್‌ಡೇಟ್: ಲಿಬ್ರೆಆಫೀಸ್‌ನಲ್ಲಿ ಕನ್ನಡ ಫಾಂಟ್ ಕೊನೆಗೂ ಬದಲಾಯಿತು

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಆಮಂತ್ರಣವನ್ನು ವಿಂಡೋಸ್ ಬದಲಿಗೆ ಬಳಸುವ ಉಬುಂಟುವಿನಲ್ಲಿ, ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆಯ ತಂತ್ರಾಂಶ ಬಳಸಿ ಸಿದ್ಧಪಡಿಸುತ್ತಿದ್ದೆ. ಶೀರ್ಷಿಕೆಯ ಸ್ಟೈಲಿನಲ್ಲಿ (ಅಕ್ಷರರೂಪದ ಸಿದ್ಧ ಹೊಂದಿಕೆ) ಫಾಂಟ್, ಗಾತ್ರ ಬದಲಿಸಿದರೆ ಇಂಗ್ಲಿಷ್ ಅಕ್ಷರಗಳಷ್ಟೇ ಬದಲಾಗುತ್ತವೆ, ಕನ್ನಡ ಮಿಸುಕುವುದಿಲ್ಲ ಎಂದು ಕಳೆದ ವಾರ ಕೇಳಿದ್ದೆನಲ್ಲ, ಅದು ಬಗೆಹರಿಯಿತು.

ಫಾಂಟ್ ಕ್ಯಾಶ್ (ಗಣಕ ಇಟ್ಟುಕೊಳ್ಳುವ ಫಾಂಟ್‌ಗಳ ಪಟ್ಟಿ) ನವೀಕರಿಸಿದ್ದರಿಂದ ಏನೂ ಆಗಲಿಲ್ಲ. ತಂತ್ರಾಂಶವನ್ನೇ ತೆಗೆದು ಮತ್ತೆ ಹಾಕಿದ್ದೂ ವ್ಯರ್ಥ. ಫಲ ಕೊಟ್ಟದ್ದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ನೋಡಿ’ ಎಂದವರ ಸಲಹೆ, ಅವರಿಗೆ ನಮಸ್ಕಾರ. ಅಕ್ಷರಗಳು ಕೂಡಿ ರೂಪ ಬದಲಿಸುವ ಕನ್ನಡದಂಥ ಲಿಪಿಗಳಿಗಾಗಿ ಇರುವ ಹೊಂದಿಕೆ ಅದು. ರೈಟರ್ ಪ್ರತಿ ಸ್ಟೈಲಿನಲ್ಲೂ ಲ್ಯಾಟಿನ್ ಲಿಪಿಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಇಟ್ಟುಕೊಳ್ಳುತ್ತದೆ. ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಕನ್ನಡ ಆರಿಸಿದೆ. ಅಷ್ಟರವರೆಗೆ ಅಡಗಿ ಕುಳಿತಿದ್ದ ಎರಡನೆಯ ಫಾಂಟ್ ಪಟ್ಟಿ ಸ್ಟೈಲಿನೊಳಗೆ ಪ್ರತ್ಯಕ್ಷವಾಯಿತು! ಇಂಥ ಮುಖ್ಯ ಸಂಗತಿಯನ್ನು ಇಷ್ಟು ಆಳದಲ್ಲಿ ಬಚ್ಚಿಡುವ ಅಗತ್ಯವೇನಿತ್ತೋ.

ಅಚ್ಚರಿ ಕಾದಿದ್ದು ಮರಾಠಿ ಸಾಲುಗಳಲ್ಲಿ. ಮುಂಬಯಿ ಕಡೆಯ ಆಮಂತ್ರಣವೆಂದ ಮೇಲೆ ಎರಡೂ ಭಾಷೆ ಬೇಕಲ್ಲ. ಕನ್ನಡಕ್ಕೂ ದೇವನಾಗರಿಗೂ ಆ ಎರಡನೆಯ ಫಾಂಟ್ ಒಂದೇ. ನಾನು ಆರಿಸಿದ್ದ ‘ನೋಟೋ ಸೆರಿಫ್ ಕನ್ನಡ’ ಫಾಂಟಿನಲ್ಲಿ ದೇವನಾಗರಿ ಅಕ್ಷರಗಳಿಲ್ಲದ್ದರಿಂದ ಮರಾಠಿ ಯಾವುದೋ ಬೇರೆ ಫಾಂಟಿನಲ್ಲಿ ಬಂದು ವಿಕಾರವಾಯಿತು. ಮರಾಠಿಗೆಂದೇ ಪ್ರತ್ಯೇಕ ಕ್ಯಾರೆಕ್ಟರ್ ಸ್ಟೈಲ್ (ಆಯ್ದ ಅಕ್ಷರಗಳಿಗಷ್ಟೇ ಅನ್ವಯಿಸುವ ಸ್ಟೈಲ್) ಮಾಡಿ, ಅದರಲ್ಲಿ ನೋಟೋ ಸೆರಿಫ್ ದೇವನಾಗರಿ ಹಾಕಿದೆ, ಸರಿಹೋಯಿತು.

ಮುದ್ರಣದವರಿಗೆ ಕೊಡುವಾಗ ಮೂಲ ಕಡತದ ಬದಲು ಪಿಡಿಎಫ್ ಕೊಡಿ. ಫಾಂಟ್ ಅದರೊಳಗೇ ಅಡಕವಾಗಿರುವುದರಿಂದ ಅಲ್ಲಿನ ವಿಂಡೋಸ್ ಗಣಕದಲ್ಲೂ ಒತ್ತಕ್ಷರಗಳು ಕೆಡಲಿಲ್ಲ.